ಅಪ್‌ಡೇಟ್: ತಲಪಾಡಿ ಗಡಿ ದಾಟಬೇಕೇ, ಇ-ಕನ್ಸಲ್ಟ್ ಸಾಕೇ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ರೋಗಿಯನ್ನು ಚರ್ಮದ ಕಲೆಗೆ ಮಂಗಳೂರಿಗೆ ಕಳಿಸಬೇಕೇ, ಇಲ್ಲಿನ ಡಾಕ್ಟರೇ ತಜ್ಞರನ್ನು ಆನ್‌ಲೈನಿನಲ್ಲಿ ಕೇಳಿದರೆ ಸಾಕೇ ಎಂದು ಕೇಳಿದ್ದೆ. ಈಗ ಸ್ಪಷ್ಟವಾಗಿದೆ: ಮೊದಲು ಇ-ಕನ್ಸಲ್ಟ್. ಸರಕಾರದ ಆನ್‌ಲೈನ್ ವೈದ್ಯಸೇವೆ ಇ-ಸಂಜೀವನಿಯಲ್ಲೂ ಡಾಕ್ಟರಿಂದ ಡಾಕ್ಟರಿಗೆ ಕೇಳುವ ದಾರಿ ಇದೆ.

ಕೆಲಸ ಕೆಡುವುದು ಹೆಚ್ಚಾಗಿ ಫೋಟೋದಲ್ಲೇ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಮೂರು ತೆಗೆಯಿರಿ: ದೂರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು, ಉಬ್ಬು ಕಾಣುವಂತೆ ಓರೆಯಾಗಿ ಒಂದು. ಹಚ್ಚಿದ ಮುಲಾಮಿನ ಹೆಸರು ಬಿಡಲೇಬೇಡಿ. ಸ್ಟೀರಾಯ್ಡ್ ಮುಲಾಮು ಬಿದ್ದ ಹುಳುಕಡ್ಡಿಯ ಕೆಂಪು ಅಂಚು ಮಾಸಿಹೋಗಿ ತಜ್ಞರಿಗೂ ಗುರುತಿಸುವುದು ಕಷ್ಟವಾಗಬಹುದು. ಮೈಬಣ್ಣಕ್ಕಿಂತ ಬಿಳಿಚಿದ ಕಲೆಯಾದರೆ ಹತ್ತಿಯ ಎಳೆ ತಾಗಿಸಿ, ಸ್ಪರ್ಶ ತಿಳಿಯುತ್ತದೆಯೇ ಎಂದು ಬರೆಯಬೇಕು. ಸ್ಪರ್ಶ ತಿಳಿಯದಿರುವುದು ಕುಷ್ಠದ ಸುಳಿವು, ಅದು ಫೋಟೋದಲ್ಲಿ ಬರುವುದಿಲ್ಲ.

‘ದಯವಿಟ್ಟು ನೋಡಿ’ ಎಂದು ಬರೆದರೆ ಬರುವ ಉತ್ತರವೂ ಅಷ್ಟೇ ಅಸ್ಪಷ್ಟ. ‘ಬಯಾಪ್ಸಿ (ಚರ್ಮದ ತುಣುಕು ತೆಗೆದು ಪರೀಕ್ಷೆ) ಬೇಕೇ?’ ಎಂದು ನೇರವಾಗಿ ಕೇಳಬೇಕು.

ಬೇಗ ಬೆಳೆಯುವ ಮಚ್ಚೆ, ಜ್ವರದೊಂದಿಗೆ ಮೈತುಂಬ ಗುಳ್ಳೆ, ಬಾಯಿ-ಕಣ್ಣಲ್ಲಿ ಹುಣ್ಣು ಇದ್ದರೆ ಕಾಯದೆ ರೆಫರಲ್, ಅಂದರೆ ರೋಗಿಯನ್ನೇ ತಜ್ಞರ ಬಳಿಗೆ ಕಳಿಸಬೇಕು. ಇನ್ನು, ತಜ್ಞರ ಉತ್ತರ ಡಾಕ್ಟರ ಬಳಿಯೇ ಉಳಿದುಬಿಡಬಹುದು. ರೋಗಿಯೇ ಕೇಳಿ, ಔಷಧದ ಪ್ರಮಾಣವನ್ನು ಕನ್ನಡದಲ್ಲಿ ಬರೆಸಿಕೊಳ್ಳಬೇಕು.