ಎದೆಯಲ್ಲಿ ತೊಗರಿಕಾಳಿನಷ್ಟು ಗಂಟು: ದಿನವೂ ಒತ್ತಿ ನೋಡಬೇಕೇ?

ಪ್ರಶ್ನೆ (ಸೇಡಂ ಕಡೆಯವಳು, 36 ವರ್ಷ)
ಹೋದ ವಾರ ಸ್ನಾನ ಮಾಡುವಾಗ ಎಡ ಎದೆಯಲ್ಲಿ, ಕಂಕುಳ ಕಡೆಗೆ, ನೆನೆದ ತೊಗರಿಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ನೋಯದ ಗಂಟಿಗೆ ಹೆದರಬಾರದು, ಹಾಲು ಕಟ್ಟಿರಬೇಕು ಎನ್ನುತ್ತಾರೆ ಅತ್ತೆ. ಮಗ ಹಾಲು ಬಿಟ್ಟು ನಾಲ್ಕು ವರ್ಷವಾಯಿತು! ಅಂದಿನಿಂದ ಬೆಳಿಗ್ಗೆ ಸಂಜೆ ಬಚ್ಚಲಿಗೆ ಹೋಗಿ ಒತ್ತಿ ನೋಡುತ್ತಿದ್ದೇನೆ. ಒಮ್ಮೆ ಬೆಳೆದಂತೆ ಅನಿಸುತ್ತದೆ, ಒಮ್ಮೆ ಇಲ್ಲವೇ ಇಲ್ಲ. ಸರಿಯಾಗಿ ನೋಡಿಕೊಳ್ಳುವುದು ಹೇಗೆ?

ಉತ್ತರ 1 (ಯಾದಗಿರಿ, ನಿವೃತ್ತ ನರ್ಸ್)
ಮೊದಲು ಆ ಒತ್ತುವುದನ್ನು ಬಿಡು ತಾಯಿ. ಹಿಸುಕಿದರೆ ಆರೋಗ್ಯವಂತರ ಎದೆಯೂ ಗಂಟುಗಂಟಾಗಿಯೇ ಸಿಗುತ್ತದೆ. ಮುಟ್ಟಾದ ದಿನದಿಂದ ಎಣಿಸಿ 7ರಿಂದ 10ನೇ ದಿನದೊಳಗೆ ಎದೆ ಮೆತ್ತಗಿರುತ್ತದೆ, ಆಗ ನೋಡಬೇಕು. ಮಲಗಿಕೊಂಡು ಎಡಗೈ ತಲೆಯ ಕೆಳಗಿಟ್ಟು, ಬಲಗೈಯ ನಡುವಿನ ಮೂರು ಬೆರಳುಗಳನ್ನು ರೊಟ್ಟಿ ತಟ್ಟುವವರಂತೆ ಚಪ್ಪಟೆಯಾಗಿ ಇಟ್ಟು, ಸಣ್ಣ ಸಣ್ಣ ಸುತ್ತು ಹಾಕುತ್ತಾ ಕೊರಳೆಲುಬಿನಿಂದ ಎದೆಯ ಬುಡದವರೆಗೆ ಬರಬೇಕು. ಕಂಕುಳನ್ನು ಮರೆಯುವವರೇ ಹೆಚ್ಚು. ಆಮೇಲೆ ಕನ್ನಡಿಯ ಮುಂದೆ ಕೈ ಮೇಲೆತ್ತಿ ನಿಲ್ಲು: ಚರ್ಮ ಎಲ್ಲಾದರೂ ಕುಳಿ ಬಿದ್ದಿದೆಯೇ, ಕಿತ್ತಳೆ ಸಿಪ್ಪೆಯಂತಾಗಿದೆಯೇ, ತೊಟ್ಟು ಹೊಸದಾಗಿ ಒಳಸರಿದಿದೆಯೇ, ರಕ್ತ ಒಸರುತ್ತಿದೆಯೇ.
ಇದೆಲ್ಲ ಹುಡುಕುವವರ ಕೆಲಸ. ನಿನಗೆ ಸಿಕ್ಕಾಗಿದೆ. ಅದು ಏನೆಂದು ನನ್ನ ಬೆರಳಿಗೂ ಹೇಳಲು ಬರುವುದಿಲ್ಲ, ಸ್ಕ್ಯಾನ್ ಮಾಡಿಸಬೇಕು. ನಿನ್ನ ವಯಸ್ಸಿನವರ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಅತ್ತೆಯ ಮಾತು ತಲೆಕೆಳಗು: ಕ್ಯಾನ್ಸರ್ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಬೆಂಗಳೂರಿಗೆ ಓಡಬೇಕಿಲ್ಲ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಕಲಬುರಗಿಯಲ್ಲೇ ಇದೆ.

ಉತ್ತರ 2 (ಬೀದರ್)
ನಾನು ಅರಿಸಿನದ ಪಟ್ಟು ಹಾಕಿಕೊಂಡು ಎರಡು ತಿಂಗಳು ಕಳೆದೆ. ಶುದ್ಧ ದಡ್ಡತನ, ಸೀರೆಗೆ ಕಲೆಯಾದದ್ದಷ್ಟೇ ಲಾಭ. ಕೊನೆಗೆ ಸ್ಕ್ಯಾನ್ ಮಾಡಿ, ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫೈಬ್ರೊಅಡಿನೋಮಾ ಎಂದು ಬಂತು, ಕ್ಯಾನ್ಸರ್ ಅಲ್ಲ. ಸೂಜಿಯ ನೋವು ಏನೇನೂ ಅಲ್ಲ, ವರದಿ ಬರುವವರೆಗೆ ಮಾತ್ರ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ. ಮಹಿಳಾ ವೈದ್ಯರೇ ನೋಡಲಿ ಎಂದು ಕೇಳಲು ಸಂಕೋಚ ಬೇಡ.

ಪ್ರಶ್ನೆ ಕೇಳಿದವಳು
ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ಹೊರಡುವವಳಿದ್ದೆ. ನಿನ್ನೆ ಕಾಳು ಆರಿಸುತ್ತಾ ಕೂತಾಗ ಅತ್ತೆಗೆ ನಿಜ ಹೇಳಿ, ನೋಯದ ಗಂಟಿನ ಬಗ್ಗೆ ನೀವು ಬರೆದದ್ದನ್ನೂ ಓದಿದೆ. ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದರು. ಬಹಳ ಹೊತ್ತಿನ ಮೇಲೆ, "ನನಗೂ ಒಂದಿದೆ, ಮುಟ್ಟಿ ನೋಡು" ಎಂದರು. ಸೋಮವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟಿದ್ದೇವೆ.