ಮಗನ ಫೋಟೋ ಕೊಡಲೇ, ಬೇಡವೇ?

ಓದುಗರ ಸ್ಪಂದನ

ಸಮಸ್ಯೆ: ನ್ಯೂಜೆರ್ಸಿಯಲ್ಲಿರುವ ಓದುಗಿಯೊಬ್ಬರ 22 ವರ್ಷದ ಮಗ ಡ್ರಗ್ಸ್ ಓವರ್‌ಡೋಸ್‌ನಿಂದ ತೀರಿಕೊಂಡ. ಊರಿನವರಿಗೆ 'ಹಾರ್ಟ್ ಅಟ್ಯಾಕ್' ಎಂದೇ ಹೇಳಿದ್ದಾರೆ. ಆಗಸ್ಟ್ 31, ಅಂತರರಾಷ್ಟ್ರೀಯ ಓವರ್‌ಡೋಸ್ ಜಾಗೃತಿ ದಿನ; ಅಂದು ಅವರ ಪಟ್ಟಣದ ಪಾರ್ಕಿನಲ್ಲಿ ಹೀಗೆ ಹೋದವರ ಫೋಟೋ ಇಡುತ್ತಾರೆ. ಮಗನದ್ದೂ ಇರಲಿ ಎಂಬುದು ತಾಯಿಯ ಆಸೆ. "ಮಗಳ ಮದುವೆ ಆಗಬೇಕು, ಬೇಡ" ಎನ್ನುತ್ತಾರೆ ಗಂಡ.

ಅಕ್ಕಾ, ಫೋಟೋ ಕೊಡಿ. ನನ್ನ ತಮ್ಮನೂ ಹೀಗೇ ಹೋದ. ಬೆನ್ನುನೋವಿಗೆ ಅಂತ ಯಾರೋ ಕೊಟ್ಟ ಮಾತ್ರೆ ನುಂಗಿದ. ಅದು ನಕಲಿ, ಒಳಗೆ ಫೆಂಟನಿಲ್ ಎಂಬ ತುಂಬಾ ತೀಕ್ಷ್ಣವಾದ ಮಾದಕ ನೋವುನಿವಾರಕ ಇತ್ತು. ಎರಡು ಮಿಲಿಗ್ರಾಂ ಸಾಕು ಜೀವ ತೆಗೆಯಲು. ನಾವೂ ಹೃದಯಾಘಾತ ಅಂದೆವು. "ಮೊದಲೇ ಬಿಪಿ ಇತ್ತಾ?" ಅಂತ ಕೇಳಿದವರಿಗೆಲ್ಲ ಇನ್ನೊಂದು ಸುಳ್ಳು. ಕೊನೆಗೆ ಅವನ ಮಾತು ಎತ್ತುವುದನ್ನೇ ಬಿಟ್ಟೆವು. ಅದೇ ನನಗೆ ಜಾಸ್ತಿ ನೋವು ಕೊಟ್ಟಿದ್ದು.

ಮೂರನೇ ವರ್ಷ ಆಗಸ್ಟ್ 31ಕ್ಕೆ ನಮ್ಮೂರ ಪಾರ್ಕಿಗೆ ಹೋದೆ. 2001ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾದ ದಿನ ಅದು. ನೇರಳೆ ಬಟ್ಟೆ ಹಾಸಿ ಫೋಟೋ ಜೋಡಿಸಿದ್ದರು. ಒಂದೊಂದೇ ಹೆಸರು ಓದಿದರು. ತಮ್ಮನ ಹೆಸರನ್ನು ತಪ್ಪಾಗಿ ಓದಿದರು, ನಾನು ಎದ್ದು ಸರಿಯಾಗಿ ಹೇಳಿದೆ. ಹೇಗೆ ಸತ್ತ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಪಕ್ಕದ ಫೋಟೋದ ತಾಯಿ, "ಅವನಿಗೆ ಏನು ಇಷ್ಟ ಇತ್ತು?" ಅಂದರು. ನೀರುದೋಸೆ ಅಂದೆ. ಆಮೇಲೆ ಅರ್ಧ ಗಂಟೆ ಅವನ ಬಗ್ಗೆಯೇ ಮಾತಾಡಿದೆ. ಫೆಂಟನಿಲ್‌ನಂಥವು ಮಿತಿಮೀರಿದಾಗ ಜೀವ ಉಳಿಸಲು ಮೂಗಿಗೆ ಹಾಕುವ ನಲಾಕ್ಸೋನ್ ಸ್ಪ್ರೇ ಬಳಸುವುದನ್ನೂ ಅಲ್ಲೇ ಕಲಿತೆ. 2023ರಿಂದ ಇಲ್ಲಿ ಅದಕ್ಕೆ ಡಾಕ್ಟರ್ ಚೀಟಿ ಬೇಕಿಲ್ಲ. ನನ್ನ ಬ್ಯಾಗಿನಲ್ಲಿ ಒಂದು ಯಾವಾಗಲೂ ಇರುತ್ತದೆ.
— ಓದುಗಿ, ಕ್ಯಾಲಿಫೋರ್ನಿಯಾ

ತಾಯಿ, ಯಜಮಾನರ ಮೇಲೆ ಸಿಟ್ಟಾಗಬೇಡಿ. ನಾನೂ ಹೆಣ್ಣುಮಗಳ ಅಪ್ಪ, ಆ ಭಯ ಗೊತ್ತು. ಆದರೆ ಮಗಳನ್ನು ಕೇಳಿದ್ದೀರಾ? ಹೋದವನು ಅವಳ ಒಡಹುಟ್ಟಿದವನು ಅಲ್ವಾ? ಇದನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಆ ಗುಟ್ಟನ್ನು ಜೀವನವಿಡೀ ಹೊರಬೇಕಾದವಳು ಅವಳೇ. ಈ ವರ್ಷ ಮೂವರೂ ಸುಮ್ನೆ ಹೋಗಿ ಒಂದು ದೀಪ ಹಚ್ಚಿ ಬನ್ನಿ. ಅಲ್ಲಿ ಬಂದ ಬೇರೆ ಅಪ್ಪಂದಿರನ್ನು ಅವರು ನೋಡಲಿ. ಫೋಟೋ ಮುಂದಿನ ವರ್ಷ ಕೊಟ್ಟರೂ ಆದೀತು.
— ಓದುಗ, ದಾವಣಗೆರೆ

ಅಮೆರಿಕದಲ್ಲಿ 2022 ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಹೀಗೆ ತೀರಿಕೊಂಡರು. ನೀವು ಸರಿಯಾಗಿ ಬೆಳೆಸಲಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಇಲ್ಲೂ ಇಂಥ ಮನೆಗಳಿವೆ. ನಾನು ನರ್ಸ್, ನೋಡಿದ್ದೇನೆ. ನಮ್ಮ ದೇಶದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ ಅಂತ ಹೇಳಿದರೂ, ಯಾರಿಗಾದರೂ ಗೊತ್ತಾದರೆ ಅಂತ ಹೆದರುತ್ತಾರೆ.
— ಓದುಗಿ, ಬೆಂಗಳೂರು

ಮಗಳೇ, ನನಗೆ ಎಪ್ಪತ್ತೆರಡು. ಅಪಮೃತ್ಯುವಿನಿಂದ ಹೋದವರಿಗೆ ಅಂತಲೇ ಪಕ್ಷಮಾಸದಲ್ಲಿ ಚತುರ್ದಶಿ ಇಟ್ಟಿದ್ದಾರೆ ನಮ್ಮ ಹಿರಿಯರು. ಅವರನ್ನೂ ಮರೆಯಬಾರದು ಅಂತ ತಾನೇ? ನಿನ್ನ ಮಗನ ಹೆಸರು, ಅವನಿಗೆ ಇಷ್ಟವಾದ ತಿಂಡಿ ಬರೆದು ಕಳಿಸು. ಈ ಸಲ ನಮ್ಮನೆ ಎಡೆಯಲ್ಲಿ ಅವನಿಗೂ ಒಂದು ಎಲೆ ಹಾಕುತ್ತೇನೆ.
— ಓದುಗಿ, ಮೈಸೂರು