ಪದಚರ್ಚೆ: ಮರಕ್ಕೆ ‘ಕಡಿತಲೆ’ಯೋ ‘ಕಟಾವೋ’? ‘ಸುಸ್ಥಿರ’ ಅಂದರೆ ಯಾವುದು ಸ್ಥಿರ?

ಬಳಗದ ಎಲ್ಲರಿಗೂ ನಮಸ್ಕಾರ.

ಮೂಡಿಗೆರೆ, ಕೊಪ್ಪ, ಚಿಕ್ಕಮಗಳೂರು ತಾಲ್ಲೂಕುಗಳ ಕಾಫಿ ಬೆಳೆಗಾರರು, ಸಾಮಿಲ್ಲಿನವರು, ಗ್ರಾಮ ಪಂಚಾಯಿತಿ ಸದಸ್ಯರು ಒಟ್ಟಿಗೆ ಕೂತು ಓದಲೆಂದು ಒಂದು ಸಣ್ಣ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಇಷ್ಟೇ: ಮರದ ಉದ್ಯಮವೂ ಬೆಳೆಯಬೇಕು, ಸರ್ಕಾರಿ ಕಾಡೂ ಕಾಡಾಗಿಯೇ ಉಳಿಯಬೇಕು, ಎರಡನ್ನೂ ತೂಗಿಸಿಕೊಂಡು ಹೋಗುವುದು ಹೇಗೆ. ಶುರುವಿನ ವಾಕ್ಯದಲ್ಲೇ ಹಾರ್ವೆಸ್ಟ್, ಟಿಂಬರ್, ಸಸ್ಟೈನಬಲ್, ಪಬ್ಲಿಕ್ ಫಾರೆಸ್ಟ್ ಎಂಬ ಪದಗಳು ತಕರಾರು ತೆಗೆದಿವೆ. ನಿಘಂಟು ತಿರುವಿದರೆ ಬಗೆಹರಿಯುವಂಥವಲ್ಲ, ಹಾಗಾಗಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ ಮರ ಉರುಳಿಸುವ ಕೆಲಸದ ಹೆಸರು. ಇದಕ್ಕೆ ನಮ್ಮಲ್ಲಿ ಪದಗಳ ಬರವೇನೂ ಇಲ್ಲ. ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳಲ್ಲಿ ‘ಮರ ಹೊಡೆಸಿದ್ವಿ’, ‘ಮರ ತೆಗೆಸಿದ್ವಿ’, ‘ಟಿಂಬರ್ ಕೊಟ್ವಿ’ ಅನ್ನುತ್ತಾರೆ. ಅರಣ್ಯ ಇಲಾಖೆಯ ಕಾಗದದಲ್ಲಿ ಅದೇ ಕೆಲಸ ‘ಕಡಿತಲೆ’. ಅಕೇಶಿಯ, ನೀಲಗಿರಿ ತೋಪುಗಳ ಟೆಂಡರಿಗೆ ಬಂದರೆ ‘ಕಟಾವು’. ಪತ್ರಿಕೆಗೆ ಬಂದರೆ ‘ಮರಗಳ ಮಾರಣಹೋಮ’. ಬೆಳೆಗಾರನೊಬ್ಬ ತಾನೇ ನೆಟ್ಟ ಹತ್ತು ಸಿಲ್ವರ್ ಓಕ್ ಕಡಿಸಿದರೂ ಮಾರಣಹೋಮ, ಹೆದ್ದಾರಿಗೆಂದು ಶತಮಾನದ ಸಾಲುಮರ ಉರುಳಿಸಿದರೂ ಮಾರಣಹೋಮ. ಇಷ್ಟೊಂದು ಹೋಮಕ್ಕೆ ತುಪ್ಪ ಎಲ್ಲಿಂದ ತರುತ್ತಾರೋ! ಅದನ್ನು ಪಕ್ಕಕ್ಕಿಡೋಣ.

ನನ್ನ ಜಗಳ ಇರುವುದು ಕಡಿತಲೆ–ಕಟಾವುಗಳ ನಡುವೆ. ಕಟಾವು ಅಂದ ಕೂಡಲೇ ಕಣ್ಣಿಗೆ ಬರುವುದು ಕಬ್ಬು, ಭತ್ತ, ರಾಗಿ. ಅಲ್ಲಿ ನೆಟ್ಟವನೊಬ್ಬ ಇದ್ದಾನೆ, ಕೊಯ್ದ ಮೇಲೆ ಮತ್ತೆ ನೆಡುತ್ತಾನೆ ಅನ್ನುವ ಭರವಸೆ ಪದದ ಒಳಗೇ ಇದೆ. ಸಿಲ್ವರ್ ಓಕಿಗೆ ಇದು ಸರಿಯಾಗಿ ಕೂರುತ್ತದೆ. ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೂ ನೆಟ್ಟದ್ದು, ಬಲಿತ ಮೇಲೆ ಪ್ಲೈವುಡ್ಡಿಗೆ ಹೋಗುತ್ತದೆ, ಪಕ್ಕದಲ್ಲಿ ಹೊಸ ಗಿಡ ಏಳುತ್ತಿರುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಸಿಲ್ವರ್, ಹಾಲುವಾಣ, ನೀಲಗಿರಿಯಂಥವನ್ನು ಕಡಿಯುವ ಅನುಮತಿಯ ಗೋಜಿನಿಂದ ಹೊರಗಿಟ್ಟಿದೆ. ಅಂದರೆ ಕಾನೂನಿನ ಕಣ್ಣಿಗೂ ಅವು ಹೆಚ್ಚುಕಮ್ಮಿ ಬೆಳೆ. ಆದರೆ ಅದೇ ತೋಟದ ಬೀಟೆ, ಮತ್ತಿ, ಹೊನ್ನೆ, ಹೆಬ್ಬಲಸು? ಅವನ್ನು ಯಾರೂ ನೆಟ್ಟದ್ದಲ್ಲ. ಕಾಡು ಕಡಿದು ಕಾಫಿ ಹಾಕುವಾಗ ಅಜ್ಜನ ಕಾಲದವರು ನೆರಳಿಗೆಂದು ಬಿಟ್ಟುಕೊಂಡದ್ದು. ಬೀಟೆ ಮರವನ್ನು ‘ಕಟಾವು’ ಮಾಡಿದರು ಎಂದು ಬರೆದರೆ ನನಗಂತೂ ಕಿವಿಗೆ ಚುಚ್ಚುತ್ತದೆ.

ಇಂಗ್ಲಿಷಿನ ಹಾರ್ವೆಸ್ಟ್ ಎರಡಕ್ಕೂ ಸಲ್ಲುತ್ತದೆ. ನೂರಿನ್ನೂರು ವರ್ಷದ ಮರವನ್ನೂ ಆರೇಳು ವರ್ಷದ ನೀಲಗಿರಿಯನ್ನೂ ಒಂದೇ ಪದದಲ್ಲಿ ಮುಗಿಸುತ್ತಾರೆ. ಕನ್ನಡದಲ್ಲಿ ಎರಡು ಪದ ಇರುವಾಗ ಅದನ್ನು ಕಳೆದುಕೊಳ್ಳುವುದೇಕೆ? ಸದ್ಯಕ್ಕೆ ನಾನು ಇಟ್ಟುಕೊಂಡಿರುವ ಕಟ್ಟಳೆ: ನೆಟ್ಟು ಬೆಳೆಸಿದ್ದಕ್ಕೆ ಕಟಾವು, ತಾನಾಗಿ ಹುಟ್ಟಿದ್ದಕ್ಕೆ ಕಡಿತಲೆ. ಇದಕ್ಕೊಂದು ತೊಡಕೂ ಇದೆ. ಲಕ್ಕವಳ್ಳಿ ಕಡೆಯ ತೇಗದ ನೆಡುತೋಪುಗಳು ನೆಟ್ಟವೇ, ಆದರೆ ನೆಟ್ಟದ್ದು ಕಾಡಿನ ಜಾಗದಲ್ಲಿ. ಅಲ್ಲಿ ಯಾವ ಪದ? ‘ಕಟಾವು’ ಅಂದರೆ ಮೊದಲು ಅಲ್ಲಿದ್ದ ಕಾಡಿನ ಮಾತೇ ಇಲ್ಲದಂತಾಗುತ್ತದೆ.

ಕಡಿತಲೆ ಪದದ ಬಗ್ಗೆ ಇನ್ನೊಂದು ಮಾತು. ಹಳೆಯ ಕಾವ್ಯಗಳಲ್ಲಿ ಕಡಿತಲೆ ಅಂದರೆ ಕತ್ತಿ. ತುಳುನಾಡಿನಲ್ಲಿ ಭೂತದ ಕೈಯ ‘ಕಡ್ತಲೆ’ ಇವತ್ತಿಗೂ ಕತ್ತಿಯೇ. ಆಯುಧದ ಹೆಸರು ಕೆಲಸದ ಹೆಸರಾಯಿತೇ, ಅಥವಾ ಇಲಾಖೆಯ ಗುಮಾಸ್ತರು ‘ಕಡಿತ’ಕ್ಕೆ ಬಾಲ ಹಚ್ಚಿ ಬೇರೆಯಾಗಿಯೇ ಕಟ್ಟಿಕೊಂಡ ಪದವೇ? ಹಳೇ ಮೈಸೂರು ಸಂಸ್ಥಾನದ ಅರಣ್ಯ ಕಡತಗಳನ್ನು ನೋಡಿದವರು ಯಾರಾದರೂ ಬಳಗದಲ್ಲಿದ್ದರೆ ದಯವಿಟ್ಟು ಹೇಳಿ.

ಟಿಂಬರಿಗೆ ಏನು ಅನ್ನುವುದು ಚಿಕ್ಕ ತೊಂದರೆ. ಡಿಪೋ ಮುಂದಿನ ಬೋರ್ಡಿನಲ್ಲಿ ‘ಸರ್ಕಾರಿ ನಾಟಾ ಸಂಗ್ರಹಾಲಯ’ ಅಂತಿದೆ. ಪತ್ರಿಕೆಯಲ್ಲಿ ‘ಅಕ್ರಮ ಬೀಟೆ ನಾಟಾ ವಶ’. ಆದರೆ ಮನೆ ಕಟ್ಟುವವರು ಯಾರೂ ‘ನಾಟಾ ತಂದೆ’ ಅನ್ನುವುದಿಲ್ಲ. ‘ಮರ ತಂದೆ’ ಅನ್ನುತ್ತಾರೆ, ಹಳಬರಾದರೆ ‘ಮರಮುಟ್ಟು ಒಟ್ಟು ಮಾಡಿದೆ’ ಅನ್ನುತ್ತಾರೆ. ಹೀಗಾಗಿ ‘ನಾಟಾ ಉದ್ಯಮ’ ಎಂದು ಬರೆದರೆ ಓದುವವನಿಗೆ ಚೆಕ್‌ಪೋಸ್ಟು ನೆನಪಾಗುತ್ತದೆ. ‘ಮರಮುಟ್ಟು’ವಿನಲ್ಲಿ ಕೊಯ್ದ ತೊಲೆ, ಹಲಗೆ, ಬಾಗಿಲವಾಡದ ಸಾಮಾನೂ ಸೇರಿಬಿಡುತ್ತದೆ. ನಾನು ಸುಮ್ಮನೆ ‘ಮರದ ಉದ್ಯಮ’ ಅಂತ ಬರೆದು ಮುಂದೆ ಹೋದೆ. ನಾಟಾ ಬಂದದ್ದು ನಮ್ಮ ‘ನಾಟು’ ಧಾತುವಿನಿಂದಲೋ ಮರಾಠಿ ಕಡೆಯಿಂದಲೋ ಎಂಬ ಕುತೂಹಲ ಮಾತ್ರ ಉಳಿದಿದೆ.

ಡಿಪೋ ಮಾತು ಬಂದದ್ದಕ್ಕೆ ಒಂದು ಅಳತೆಯ ಪದ. ದಿಮ್ಮಿಯ ಕೊಯ್ದ ಮುಖದ ಮೇಲೆ ಇಲಾಖೆಯ ಸುತ್ತಿಗೆ ಮುದ್ರೆ, ಪಕ್ಕದಲ್ಲಿ ಬಣ್ಣದಲ್ಲಿ ನಂಬರು, ಉದ್ದ, ಸುತ್ತಳತೆ. ವ್ಯಾಪಾರಿಗಳು ಲೆಕ್ಕ ಹಾಕುವುದು ‘ಕ್ವಾರ್ಟರ್ ಗರ್ತ್’ನಲ್ಲಿ: ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುವುದು. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ನಿಜವಾದ ಉರುಳೆಯ ಗಾತ್ರ ತೆಗೆದರೆ ಸುಮಾರು 12.7 ಘನ ಅಡಿ. ಮಿಕ್ಕದ್ದು ಚಕ್ಕೆ, ಹೊಟ್ಟು ಎಂದು ಬಿಟ್ಟ ಲೆಕ್ಕ. ಸಾಮಿಲ್ಲಿನವರಿಗೆ ಇದು ಬಾಯಿಪಾಠ. ಮರ ಮಾರುವ ರೈತರಲ್ಲಿ ಎಷ್ಟು ಜನಕ್ಕೆ ಗೊತ್ತೋ. ‘ಕಾಲ್ಸುತ್ತಳತೆ’ ಎಂದು ಬರೆಯಲೇ? ‘ಕಾಲಿನ ಸುತ್ತಳತೆ’ ಎಂದು ಓದಿಕೊಂಡು ನಕ್ಕಾರು ಅನ್ನುವ ಭಯ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ: ‘ಸಸ್ಟೈನಬಲ್’ಗೆ ನಾವು ಬಳಸುವ ‘ಸುಸ್ಥಿರ’.

‘ಸಸ್ಟೈನಬಲ್ ಫಾರೆಸ್ಟ್ ಮ್ಯಾನೇಜ್‌ಮೆಂಟ್’ ಅನ್ನು ಯಂತ್ರಾನುವಾದಕ್ಕೆ ಕೊಟ್ಟರೆ ‘ಸಮರ್ಥನೀಯ ಅರಣ್ಯ ನಿರ್ವಹಣೆ’ ಅನ್ನುತ್ತದೆ. ಸಮರ್ಥಿಸಿಕೊಳ್ಳಬಹುದಾದ ನಿರ್ವಹಣೆಯಂತೆ! ಎಷ್ಟೋ ಸಲ ನಡೆಯುವುದು ಅದೇ ಇರಬಹುದು, ಆದರೂ ಅದು ಅರ್ಥವಲ್ಲ. ‘ಸುಸ್ಥಿರ’ ಪಠ್ಯಪುಸ್ತಕಕ್ಕೆ ಬಂದು ನೆಲೆಯೂರಿದೆ, ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಪ್ರಶ್ನೆ, ಕಾಡಿನ ವಿಷಯದಲ್ಲಿ ಸ್ಥಿರವಾಗಿ ನಿಲ್ಲಬೇಕಾದದ್ದು ಯಾವುದು? ಪ್ರತಿ ವರ್ಷ ಸಿಗುವ ಮರದ ಪ್ರಮಾಣವೋ, ಕಾಡೋ?

ಈ ವಿಚಾರ ಹುಟ್ಟಿದ್ದೇ ಕುಲುಮೆಯ ಪಕ್ಕದಲ್ಲಿ. 1713ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಇದನ್ನು ಬರೆದಿಟ್ಟ. ಅದಿರು ಕರಗಿಸಲು ಸೌದೆ, ಗಣಿಗೆ ಊರೆಮರ. ಕಾಡು ಬರಿದಾದರೆ ಗಣಿಯೂ ನಿಲ್ಲುತ್ತದೆ, ಆದ್ದರಿಂದ ಬೆಳೆಯುವಷ್ಟೇ ಕಡಿಯಬೇಕು ಎಂಬುದು ಅವನ ವಾದ. 1864ರಲ್ಲಿ ಬ್ರಿಟಿಷ್ ಇಂಡಿಯಾದ ಮೊದಲ ಅರಣ್ಯ ಮಹಾನಿರೀಕ್ಷಕನಾಗಿ ಬಂದ ಡೀಟ್ರಿಶ್ ಬ್ರಾಂಡಿಸ್ ಕೂಡ ಜರ್ಮನ್ನನೇ. ‘ಸಸ್ಟೈನ್ಡ್ ಯೀಲ್ಡ್’ (ವರ್ಷವರ್ಷವೂ ಅಷ್ಟೇ ಮರ ಸಿಗುವಂತೆ ಕಡಿಯುವುದು) ಅನ್ನುವ ಲೆಕ್ಕ ಆ ದಾರಿಯಲ್ಲಿ ನಮ್ಮ ಕಾಡಿಗೂ ಬಂತು. ಕುಲುಮೆಯೂ ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಉರಿದದ್ದು ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲಿನ ಮರ ಶಿವಮೊಗ್ಗ ಮತ್ತು ಕಡೂರು ಜಿಲ್ಲೆಯ ಕಾಡಿನದು. ಕಡೂರು ಜಿಲ್ಲೆ ಅಂದರೆ ಇಂದಿನ ಚಿಕ್ಕಮಗಳೂರು.

ಆ ಕಾಲದ ಪದವೊಂದು ಮಲೆನಾಡಿನಲ್ಲಿ ಇನ್ನೂ ಜೀವ ಹಿಡಿದಿದೆ: ಕೂಪು. ‘ಕೂಪಿಗೆ ಹೋಗ್ತಿದ್ದೆ’, ‘ಕೂಪಿನ ಲಾರಿ’ ಅನ್ನುವ ಮಾತು ಹಿರಿಯರ ಬಾಯಲ್ಲಿ ಕೇಳಬಹುದು. ಫ್ರೆಂಚಿನ ‘ಕತ್ತರಿಸು’ ಎಂಬ ಧಾತುವಿನಿಂದ ಇಂಗ್ಲಿಷ್ ಅರಣ್ಯಶಾಸ್ತ್ರಕ್ಕೆ, ಅಲ್ಲಿಂದ ನಮಗೆ. ಇಲಾಖೆಯ ಲೆಕ್ಕದಲ್ಲಿ ಕೂಪು ಅಂದರೆ ಆ ವರ್ಷ ಕಡಿಯಲೆಂದು ಗೆರೆ ಹಾಕಿಕೊಟ್ಟ ಕಾಡಿನ ತುಂಡು. ಅರವತ್ತು ವರ್ಷಕ್ಕೆ ಮರ ಬಲಿಯುತ್ತದೆ ಎಂದುಕೊಂಡರೆ ಕಾಡನ್ನು ಅರವತ್ತು ಕೂಪು ಮಾಡಿ ವರ್ಷಕ್ಕೊಂದು ಕಡಿಯುವುದು; ಕೊನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಬಲಿತಿರಬೇಕು. ಅಂದರೆ ಇಡೀ ಸರದಿಯ ವಿಚಾರ ಈ ಎರಡಕ್ಷರದಲ್ಲಿತ್ತು. ನಮ್ಮ ಬಾಯಿಗೆ ಬಂದಾಗ ಸರದಿ ಬಿಟ್ಟುಹೋಗಿ ಕಡಿಯುವ ಕೂಲಿ ಕೆಲಸ ಮಾತ್ರ ಉಳಿಯಿತು. ಕೂಲಿಯವನಿಗೆ ಕಂಡದ್ದು ಅಷ್ಟೇ ತಾನೆ.

ಈ ಲೆಕ್ಕದಲ್ಲಿ ಒಂದು ಮೋಸವಿದೆ. ಬಗೆಬಗೆಯ ಮರ, ಬಿದಿರು, ಬೆತ್ತ, ಬಳ್ಳಿ ಇದ್ದ ಕಾಡನ್ನು ಬೋಳು ಕಡಿದು ತೇಗ ಒಂದನ್ನೇ ಸಾಲಾಗಿ ನೆಟ್ಟರೂ ವರ್ಷದ ಘನ ಅಡಿ ಕಮ್ಮಿಯಾಗುವುದಿಲ್ಲ, ಹೆಚ್ಚೇ ಆಗಬಹುದು. ಲೆಕ್ಕದ ಪ್ರಕಾರ ಎಲ್ಲವೂ ‘ಸುಸ್ಥಿರ’. ಕಾಟಿಗೂ (ಕಾಡುಕೋಣ) ಮಂಗಟ್ಟೆ ಹಕ್ಕಿಗೂ ಕೇಳಿದರೆ ಬೇರೆ ಉತ್ತರ ಬಂದೀತು. ಇಂದು ಇಂಗ್ಲಿಷಿನವರು ಇವೆರಡಕ್ಕೆ ಬೇರೆ ಬೇರೆ ಪದ ಬಳಸುತ್ತಾರೆ, ‘ಸಸ್ಟೈನ್ಡ್ ಯೀಲ್ಡ್’ ಬೇರೆ, ‘ಸಸ್ಟೈನಬಲ್ ಫಾರೆಸ್ಟ್ ಮ್ಯಾನೇಜ್‌ಮೆಂಟ್’ ಬೇರೆ. ಕನ್ನಡದಲ್ಲಿ ಎರಡನ್ನೂ ‘ಸುಸ್ಥಿರ’ ಎಂಬ ಒಂದೇ ಚೀಲಕ್ಕೆ ತುಂಬಿದರೆ, ಸಾಮಿಲ್ಲಿನವರು ಒಂದು ಅರ್ಥದಲ್ಲಿ ತಲೆಯಾಡಿಸುತ್ತಾರೆ, ಕಾಡಿನ ಪರ ಇರುವವರು ಇನ್ನೊಂದರಲ್ಲಿ. ಸಭೆ ಶಾಂತವಾಗಿ ಮುಗಿಯುತ್ತದೆ, ಏನೂ ತೀರ್ಮಾನವಾಗಿರುವುದಿಲ್ಲ.

ಮೊದಲನೆಯದಕ್ಕೆ ‘ಅಸಲು ಮುಟ್ಟದ ಇಳುವರಿ’ ಎಂದು ಬರೆದು ನೋಡಿದೆ. ನಿಂತ ಮರವೇ ಅಸಲು, ವರ್ಷದ ಬೆಳವಣಿಗೆ ಬಡ್ಡಿ. ಅರಣ್ಯಶಾಸ್ತ್ರದವರೂ ಹೀಗೇ ವಿವರಿಸುತ್ತಾರೆ, ಸೊಸೈಟಿ ಸಾಲ ಕಂಡವರಿಗೆ ಬೇಗ ಹಿಡಿಸುತ್ತದೆ. ಎರಡನೆಯದಕ್ಕೆ ‘ಕಾಡು ಕೆಡದ ನಿರ್ವಹಣೆ’. ‘ಬಾಳಿಕೆಯ’ ಎಂದರೆ ಚಪ್ಪಲಿ ಅಂಗಡಿಯ ಮಾತಾಗುತ್ತದೆ, ಬೇಡ. ತೋಟದಲ್ಲಿ ‘ಮರಗಸಿ’ ಅನ್ನುವ ಚೆಂದದ ಪದವಿದೆ. ಮಳೆಗಾಲಕ್ಕೆ ಮುಂಚೆ ನೆರಳು ಹದಮಾಡಲು ಕೊಂಬೆ ಸವರುವುದು. ಬೆಳಕೂ ಬಂತು, ಸೌದೆಯೂ ಸಿಕ್ಕಿತು, ಮರವೂ ನಿಂತಿತು. ಕಾಡಿನ ಕೆಲಸಕ್ಕೆ ಅದನ್ನು ಹಿಗ್ಗಿಸಲು ಮನಸ್ಸಾಗುತ್ತದೆ. ಆದರೆ ಬೆಳೆಗಾರರು ಕಸಿ ಅಂದರೆ ಕೊಂಬೆ ಎಂದೇ ತಿಳಿಯುತ್ತಾರೆ, ಬುಡದ ತನಕ ಎಳೆದರೆ ಬೇಡದ ಗೊಂದಲ.

ಕೊನೆಗೆ ‘ಪಬ್ಲಿಕ್ ಫಾರೆಸ್ಟ್’. ‘ಸಾರ್ವಜನಿಕ ಅರಣ್ಯ’ ಎಂದರೆ ಸಾರ್ವಜನಿಕ ಗ್ರಂಥಾಲಯದ ಹಾಗೆ ಯಾರು ಬೇಕಾದರೂ ಹೋಗಬಹುದು ಅನ್ನಿಸುತ್ತದೆ. ಮೀಸಲು ಅರಣ್ಯದ ಬಾಯಲ್ಲಿ ಇರುವುದು ‘ಪ್ರವೇಶ ನಿಷೇಧಿಸಿದೆ’ ಬೋರ್ಡು. ಊರಲ್ಲಿ ಅದು ‘ಫಾರೆಸ್ಟು’. ಜಾಗವೂ ಫಾರೆಸ್ಟು, ಇಲಾಖೆಯೂ ಫಾರೆಸ್ಟು, ಜೀಪಿನಲ್ಲಿ ಬರುವವರೂ ಫಾರೆಸ್ಟು. ಅದರ ಸುತ್ತ ಕಾನು, ಸೊಪ್ಪಿನಬೆಟ್ಟ, ಹಾಡ್ಯ, ದೇವರಕಾಡು, ಗೋಮಾಳ ಎಂಬ ಬೇರೆ ಬೇರೆ ಬಗೆಯ ಜಾಗಗಳು, ಮೇಲೆ ‘ಸೆಕ್ಷನ್ ಫೋರ್’ (ಮೀಸಲು ಅರಣ್ಯ ಮಾಡಲು ಹೊರಡಿಸಿದ ಮೊದಲ ಅಧಿಸೂಚನೆಯ ಜಾಗ) ಮತ್ತು ‘ಡೀಮ್ಡ್’, ಅಂದರೆ ಅರಣ್ಯವೆಂದು ಘೋಷಿಸದಿದ್ದರೂ ಅರಣ್ಯವೆಂದೇ ಎಣಿಸುವ ‘ಪರಿಭಾವಿತ ಅರಣ್ಯ’. ಈ ಕೊನೆಯದರ ಮೂಲದಲ್ಲಿ ಇರುವುದೂ ಒಂದು ಪದಚರ್ಚೆಯೇ ಎಂಬುದು ಬಳಗದವರಿಗೆ ರುಚಿಸಬಹುದು: 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ‘ಅರಣ್ಯ’ವನ್ನು ನಿಘಂಟಿನ ಅರ್ಥದಲ್ಲಿ ತಿಳಿಯಬೇಕು, ಒಡೆತನ ಯಾರದ್ದಾದರೂ ಸರಿ ಎಂದಿತು. ಆ ಒಂದು ವಾಕ್ಯದಿಂದ ಮಲೆನಾಡಿನಲ್ಲಿ ಎಷ್ಟು ಕಂದಾಯ ಜಾಗ ‘ಪರಿಭಾವಿತ ಅರಣ್ಯ’ದ ಪಟ್ಟಿಗೆ ಹತ್ತಿತು, ಎಷ್ಟು ಇಳಿಯಿತು ಎಂಬುದೇ ಬೇರೆ ಪುರಾಣ. ಬಿದಿರಿನದೂ ಇದೇ ಕಥೆ: 1927ರ ಭಾರತೀಯ ಅರಣ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಅದು ‘ಮರ’ವಾಗಿತ್ತು, 2017ರಲ್ಲಿ ಆ ಪಟ್ಟಿಯಿಂದ ಕೈಬಿಟ್ಟರು.

ನಾನು ‘ಸರ್ಕಾರಿ ಕಾಡು’ ಎಂದು ಹಾಕಿದ್ದೇನೆ. ಕೈಪಿಡಿಯ ಒಟ್ಟು ವಾದಕ್ಕೂ ಅದು ಹೊಂದುತ್ತದೆ. 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿದ್ದು ಅದನ್ನೇ: ಕಾರ್ಖಾನೆಗಳು ಕಚ್ಚಾ ಮಾಲಿಗೆ ಸರ್ಕಾರಿ ಕಾಡಿನ ರಿಯಾಯಿತಿ ದರವನ್ನು ನೆಚ್ಚಿಕೊಳ್ಳುವುದು ನಿಲ್ಲಬೇಕು, ಮರ ಬೆಳೆಯುವ ರೈತರ ಜೊತೆ ನೇರವಾಗಿ ವ್ಯವಹರಿಸಬೇಕು. ಹಾಗೆ ನೋಡಿದರೆ ಕಟಾವು ತೋಟಕ್ಕೆ ಹೋಗುತ್ತದೆ, ಕಡಿತಲೆ ಕಾಡಿನಲ್ಲಿ ಅಪರೂಪವಾಗುತ್ತದೆ. ನನಗೆ ಎರಡು ಪದ ಬೇಕೇ ಬೇಕು ಅನ್ನಿಸಲು ಮುಖ್ಯ ಕಾರಣ ಇದು.

ಅರಕಲಗೂಡು, ಆಲೂರು, ಬೇಲೂರಿನ ಬಯಲು ಕಡೆಯವರು ಸ್ವಂತ ಜಮೀನಿನ ಮರಕ್ಕೆ ‘ಕಡಿತಲೆ’ ಅನ್ನುತ್ತೀರಾ, ಅಥವಾ ಅದು ಬರೀ ಕಚೇರಿ ಮಾತೇ? ನೀಲಗಿರಿ ಕಡಿದ ಬೊಡ್ಡೆಯಿಂದ ಮತ್ತೆ ಏಳುವ ಬೆಳೆಗೆ ಕಬ್ಬಿನ ಹಾಗೆ ‘ಕೂಳೆ’ ಅನ್ನುವವರಿದ್ದಾರಾ? ಉತ್ತರ ಬರೆಯುವಾಗ ಊರಿನ ಹೆಸರು ಮತ್ತು ಹಾಗೆ ಹೇಳುವವರ ವಯಸ್ಸನ್ನು ಅಂದಾಜಿನಲ್ಲಿ ಸೇರಿಸಿದರೆ ಉಪಕಾರ. ‘ಕೂಪು’ ಯಾವ ವಯಸ್ಸಿನವರ ತನಕ ಇಳಿದು ಬಂದಿದೆ ಅಂತ ನೋಡಿಕೊಂಡು, ಅದನ್ನು ಕೈಪಿಡಿಯಲ್ಲಿ ವಿವರಣೆಯಿಲ್ಲದೆ ಬಳಸಬಹುದೋ ಇಲ್ಲವೋ ತೀರ್ಮಾನಿಸಬೇಕಿದೆ.